ಕಂಪ್ಯೂಟರಿನಲ್ಲಿದೆಯಲ್ಲ, ಎಲ್ಲಿ ಹೋಗುತ್ತದೆ?

ನಮ್ಮ ಮನೆಗಳಲ್ಲಿ ಈಗೀಗ ಒಂದು ಮಾತು ಬಹಳ ಕೇಳಿಬರುತ್ತಿದೆ. ಮೊಮ್ಮಗನ ಜವಳದ ವಿಡಿಯೋ ಎಲ್ಲಿ ಎಂದು ಅಜ್ಜಿ ಕೇಳುತ್ತಾಳೆ. 'ಕಂಪ್ಯೂಟರಿನಲ್ಲಿದೆಯಲ್ಲ' ಎಂಬ ಉತ್ತರ ಬರುತ್ತದೆ. ತವರಿನಲ್ಲಿ ನಡೆದ ತಮ್ಮನ ಮದುವೆಯನ್ನು ಇನ್ನೊಮ್ಮೆ ನೋಡಬೇಕಿತ್ತು ಎಂದು ಸೊಸೆ ಕೇಳುತ್ತಾಳೆ. 'ಕಂಪ್ಯೂಟರಿನಲ್ಲಿದೆಯಲ್ಲ, ಎಲ್ಲಿ ಹೋಗುತ್ತದೆ?' ಎಂದು ಗಂಡ ತನ್ನ ಮೊಬೈಲಿನಿಂದ ತಲೆ ಎತ್ತದೆ ಹೇಳುತ್ತಾನೆ.

ಎಲ್ಲಿಗೂ ಹೋಗುವುದಿಲ್ಲ, ನಿಜ. ನನ್ನ ತಕರಾರು ಇರುವುದೇ ಅಲ್ಲಿ. ಅದು ಎಲ್ಲಿಗೂ ಹೋಗುವುದಿಲ್ಲ, ಕೇಳಿದವಳ ಕೈಗೂ ಬರುವುದಿಲ್ಲ.

ಈ ಮಾತಿನಲ್ಲಿ ಬೈಗುಳವಿಲ್ಲ, ಸಿಟ್ಟಿಲ್ಲ. 'ಕೊಡುವುದಿಲ್ಲ' ಎಂದು ಯಾರೂ ಅಂದಿಲ್ಲ. ಆದರೂ ಕೇಳಿದವಳು ಬರಿಗೈಯಲ್ಲಿ ಅಡುಗೆಮನೆಗೆ ಹಿಂದಿರುಗುತ್ತಾಳೆ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಒಂದು ಸಂಗತಿ ಗೊತ್ತು. ಗ್ರಂಥಾಲಯದ ಕಪಾಟಿಗೆ ಬೀಗ ಜಡಿದು, ಕೀಲಿಯನ್ನು ಹೆಡ್‌ಮಾಸ್ತರರು ಜೇಬಿನಲ್ಲಿಟ್ಟುಕೊಂಡರೂ 'ನಮ್ಮ ಶಾಲೆಯಲ್ಲಿ ಸಾವಿರ ಪುಸ್ತಕಗಳಿವೆ' ಎಂದು ವರದಿ ಬರೆಯಬಹುದು. ಮಕ್ಕಳು ಓದಿದ್ದಾರೆ ಎಂದು ಮಾತ್ರ ಬರೆಯಲು ಬರುವುದಿಲ್ಲ. ಇರುವುದು ಬೇರೆ, ದೊರೆಯುವುದು ಬೇರೆ.

ನೆನಪಿನ ವಸ್ತುಗಳ ಕೀಲಿ ಯಾರ ಕೈಯಲ್ಲಿತ್ತು ಎಂದು ಸ್ವಲ್ಪ ಹಿಂದೆ ಹೋಗಿ ನೋಡಿ. ನಮ್ಮ ತಾಯಂದಿರ ಕಾಲದಲ್ಲಿ ಮದುವೆಯ ಫೋಟೋಗಳು ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮಡಿಕೆಯ ಕೆಳಗೆ ಇರುತ್ತಿದ್ದವು. ಟ್ರಂಕಿನ ಕೀಲಿ ಅವರ ಸೆರಗಿನ ತುದಿಯಲ್ಲಿರುತ್ತಿತ್ತು. ಮಧ್ಯಾಹ್ನ ನೆರೆಮನೆಯವರು ಬಂದರೆ ಯಾರ ಅಪ್ಪಣೆಯೂ ಇಲ್ಲದೆ ತೆಗೆದು ತೋರಿಸುತ್ತಿದ್ದರು. ಆಮೇಲೆ ಮದುವೆಗಳಿಗೆ ವಿಡಿಯೋದವರು ಬಂದರು. ಒಬ್ಬ ಕ್ಯಾಮೆರಾ ಹೊತ್ತರೆ ಇನ್ನೊಬ್ಬ ಹಿಂದಿನಿಂದ ಕಣ್ಣು ಕುಕ್ಕುವ ದೀಪ ಹಿಡಿಯುತ್ತಿದ್ದ. ಕ್ಯಾಸೆಟ್ಟು ಮನೆಗೆ ಬಂತು, ನೋಡಲು ವಿಸಿಆರ್ ಬೇಕಾಯಿತು. ವಿಸಿಆರನ್ನು ಬಾಡಿಗೆಗೆ ತರುವವರು ಗಂಡಸರು, ಅದರ ಗುಂಡಿ ಒತ್ತುವವರೂ ಗಂಡಸರು. ಕೊನೆಗೆ ಆ ಯಂತ್ರವೇ ಇಲ್ಲವಾಯಿತು. ಅದನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ ೨೦೧೬ರ ಜುಲೈನಲ್ಲಿ ಕೈ ಎತ್ತಿತು. ಎಷ್ಟು ಮನೆಗಳ ಅಟ್ಟದ ಮೇಲೆ ಕಪ್ಪು ಕ್ಯಾಸೆಟ್ಟುಗಳು ಬೂಸಲು ಹಿಡಿದು ಕೂತಿವೆಯೋ! ಅವೂ ಎಲ್ಲಿಗೂ ಹೋಗಿಲ್ಲ.

ಆಮೇಲೆ ಬಂದದ್ದು ಈ ಸ್ಮಾರ್ಟ್‌ಫೋನು. ಅದರ ಮೇಲೆ ಎಷ್ಟು ದೂರು ಹೇಳಿದರೂ ಒಂದು ಉಪಕಾರವನ್ನು ನಾನು ಮರೆಯಲಾರೆ. ಮೊದಲ ಸಲ ನಮ್ಮಂಥ ಹೆಂಗಸರು ಕ್ಯಾಮೆರಾದ ಹಿಂದೆ ನಿಂತೆವು. ಮಗು ಮೊದಲ ಹೆಜ್ಜೆ ಇಟ್ಟದ್ದನ್ನು, ಅವ್ವ ಸೆಜ್ಜಿ ರೊಟ್ಟಿ ಬಡಿಯುವುದನ್ನು, ಎಳ್ಳಮಾಸೆಗೆ ಹೊಲದಲ್ಲಿ ಚರಗ ಚೆಲ್ಲುವುದನ್ನು ನಾವೇ ತೆಗೆದೆವು, ನಾವೇ ನೋಡಿದೆವು. ನಮ್ಮ ದೇಶದಲ್ಲಿ ಹೆಂಗಸರ ಕೈಗೆ ಫೋನು ಬಂದದ್ದೂ ಸುಲಭವಾಗಿಯಲ್ಲ. ೨೦೧೯-೨೧ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತಾವೇ ಬಳಸುವ ಮೊಬೈಲ್ ಇದೆ ಎಂದ ಮಹಿಳೆಯರು ಶೇಕಡಾ ೫೪ರಷ್ಟು ಮಾತ್ರ. ನಮ್ಮ ಓಣಿಯಲ್ಲಿ ಗೃಹಲಕ್ಷ್ಮಿಯ ಎರಡೆರಡು ಸಾವಿರ ಕೂಡಿಟ್ಟು ಫೋನು ಕೊಂಡವರಿದ್ದಾರೆ. ಹಾಗೆ ಬಂದ ಫೋನಿನಲ್ಲಿ ಒಂದು ದಿನ 'ಜಾಗ ತುಂಬಿದೆ' ಎಂಬ ಸೂಚನೆ ಮೂಡುತ್ತದೆ. ಮಗನೋ ಗಂಡನೋ ಫೋನನ್ನು ಒಯ್ದು, ವಿಡಿಯೋಗಳನ್ನೆಲ್ಲ ಕಂಪ್ಯೂಟರಿಗೆ ಸುರುವಿ, ಫೋನನ್ನು ಖಾಲಿ ಮಾಡಿ ತಂದುಕೊಡುತ್ತಾರೆ. 'ನೋಡು, ಈಗ ಎಷ್ಟು ಜೋರಾಗಿ ಓಡುತ್ತದೆ!' ಎನ್ನುತ್ತಾರೆ. ಓಡದೆ ಏನು, ಹೊತ್ತದ್ದನ್ನೆಲ್ಲ ಇಳಿಸಿದ ಮೇಲೆ?

ಹೋಗುವ ದಾರಿ ಎಲ್ಲರಿಗೂ ಗೊತ್ತು. ತಿರುಗಿ ತರುವ ದಾರಿಯ ಬಗ್ಗೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ.

ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇನೆ. ನಮ್ಮ ಅತ್ತೆ ಬೀಸುಕಲ್ಲಿನ ಪದಗಳನ್ನು ಹಾಡುತ್ತಿದ್ದರು. ಅಕ್ಷರ ಕಲಿತವರಲ್ಲ. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕೆಲಸ ನಿಂತಿತ್ತು, ಹಾಡೂ ನಿಂತಿತ್ತು. ೨೦೧೭ರಲ್ಲಿ ಮನೆಯಲ್ಲಿ ಒಂದು ಮದುವೆ. ಅರಿಷಿಣ ಬೀಸುವ ಶಾಸ್ತ್ರಕ್ಕೆಂದು ಕಲ್ಲು ಹೊರಗೆ ಬಂತು. ಅತ್ತೆ ಗೂಟ ಹಿಡಿದವರೇ ತಾವಾಗಿ ಹಾಡತೊಡಗಿದರು. ನಾನು ಫೋನು ಹಿಡಿದೆ. ಹನ್ನೊಂದು ನಿಮಿಷ. ನಡುವೆ ಒಮ್ಮೆ ಸಾಲು ಮರೆತು, ನಕ್ಕು, ಕಲ್ಲನ್ನು ಸುಮ್ಮನೆ ಎರಡು ಸುತ್ತು ತಿರುಗಿಸಿ ಮತ್ತೆ ಹಿಡಿದದ್ದೂ ಅದರಲ್ಲಿದೆ.

ಹಲಸಂಗಿಯ ಗೆಳೆಯರು ಊರೂರು ತಿರುಗಿ 'ಗರತಿಯ ಹಾಡು' ಸಂಗ್ರಹಿಸಿದ್ದರಿಂದ ನಮ್ಮ ಸೀಮೆಯ ಹೆಂಗಸರ ಮಾತು ಪುಸ್ತಕದಲ್ಲಿ ಉಳಿಯಿತು. ಆ ಉಪಕಾರ ದೊಡ್ಡದು. ಆದರೆ ಪುಸ್ತಕ ಮಾತನ್ನು ಇಟ್ಟುಕೊಳ್ಳಬಲ್ಲದೇ ಹೊರತು ಧಾಟಿಯನ್ನಲ್ಲ. ಕಲ್ಲಿನ ಗರಗರದ ಮೇಲೆ ದನಿ ಎಲ್ಲಿ ಏರಬೇಕು, ಎಲ್ಲಿ ಉಸಿರು ಬಿಡಬೇಕು ಎಂಬುದನ್ನು ಅಚ್ಚಿನ ಮೊಳೆ ಹೇಳಲಾರದು. ಆ ಹನ್ನೊಂದು ನಿಮಿಷದಲ್ಲಿ ಅದಿತ್ತು.

ಮರುವರ್ಷ ಫೋನು ತುಂಬಿತು. ವಿಡಿಯೋ ಮಾಳಿಗೆಯ ಖೋಲಿಯ ಕಂಪ್ಯೂಟರಿಗೆ ಹೋಯಿತು. ೨೦೨೦ರಲ್ಲಿ ಅತ್ತೆ ತೀರಿಕೊಂಡರು. ಅಥಣಿಯಲ್ಲಿರುವ ನಾದಿನಿ ಬಂದಾಗಲೆಲ್ಲ 'ವೈನಿ, ಅವ್ವನ ದನಿ ಒಮ್ಮೆ ಕೇಳಬೇಕಾಗಿತ್ತಲ್ಲ' ಎನ್ನುವಳು. ನಾನು ಪುಣೆಯಲ್ಲಿರುವ ಮಗನಿಗೆ ಹೇಳುವೆ. 'ಅವ್ವಾ, ಕಂಪ್ಯೂಟರ್‌ನ್ಯಾಗ ಐತಿ, ಎಲ್ಲಿ ಹೋಗತೈತಿ? ಬಂದಾಗ ಹಾಕಿಕೊಡತೀನಿ' ಎನ್ನುವನು. ಅವನು ಬರುವುದು ಎರಡು ದಿನದ ಮಟ್ಟಿಗೆ. ಒಮ್ಮೆ ಕರೆಂಟಿಲ್ಲ, ಒಮ್ಮೆ ಗೆಳೆಯನ ಮದುವೆ. ಮಗ ಕೆಟ್ಟವನಲ್ಲ. ಕೇಳಿದರೆ ಹೊಸ ಫೋನನ್ನೇ ತಂದುಕೊಟ್ಟಾನು. ಆದರೆ ತನ್ನ ಅಜ್ಜಿಯ ದನಿಗಾಗಿ ತನ್ನ ಅತ್ತಿ ಎರಡು ವರ್ಷ ಕಾದಿದ್ದಾಳೆ ಎಂಬುದು ಅವನ ಲೆಕ್ಕಕ್ಕೇ ಬಂದಿರಲಿಲ್ಲ. 'ಇದೆಯಲ್ಲ' ಎಂಬ ಮಾತು ಮಾಡುವ ಕೆಲಸ ಇದೇ. ಕಾಯುವವರನ್ನು ಅದು ಕಣ್ಣಿಗೆ ಬೀಳದಂತೆ ಮಾಡುತ್ತದೆ.

ಕೊನೆಗೆ ಆ ಕೆಲಸವನ್ನು ನಾನೇ ಮಾಡಿದೆ. ಹೇಗೆ ಎಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ಈ ವಿಷಯ ಎತ್ತಿದಾಗಲೆಲ್ಲ ನನ್ನ ಮುಂದೆ ಬಂದ ಆಕ್ಷೇಪಣೆಗಳಿಗೆ ಉತ್ತರ ಕೊಡಬೇಕು.

ಮೊದಲನೆಯದು: 'ಕಂಪ್ಯೂಟರಿನಲ್ಲಿದ್ದರೆ ಭದ್ರ. ಫೋನು ಕಳೆಯಬಹುದು, ಒಡೆಯಬಹುದು.' ಒಪ್ಪಿದೆ. ಕಂಪ್ಯೂಟರಿನಿಂದ ತೆಗೆದುಬಿಡಿ ಎಂದು ನಾನು ಹೇಳುತ್ತಲೇ ಇಲ್ಲ. ನಾನು ಕೇಳುವುದು ಕಾಪಿ, ಕಟ್ ಅಲ್ಲ. ಅಲ್ಲಿ ಒಂದು ಇರಲಿ, ಇಲ್ಲಿ ಒಂದು ಇರಲಿ. ಮೇಲಾಗಿ ಕಂಪ್ಯೂಟರಿನ ಹಾರ್ಡ್‌ಡಿಸ್ಕೇನು ಅಮೃತ ಕುಡಿದು ಬಂದಿದೆಯೇ? ಅದಕ್ಕೂ ಆಯುಸ್ಸಿದೆ. ಹೋಗುವ ದಿನ ಅದು ಹೇಳಿ ಹೋಗುವುದಿಲ್ಲ. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಒಟ್ಟಿಗೇ ಉಕ್ಕಿ ಬಂದದ್ದನ್ನು ನಮ್ಮ ಕಡೆಯವರು ಮರೆತಿಲ್ಲ. ಯಡೂರ, ಕಲ್ಲೋಳ, ಮಾಂಜರಿ, ಇಂಗಳಿಯಂಥ ಹೊಳೆದಂಡೆಯ ಊರುಗಳ ಪಾಡು ಏನಾಯಿತೆಂದು ಎಲ್ಲರೂ ಬಲ್ಲರು. ೨೦೨೧ರ ಜುಲೈನಲ್ಲಿ ಮತ್ತೆ ಹೊಳೆ ಬಂತು. ನೀರು ಬಂದಾಗ ದೋಣಿ ಹತ್ತುವವರು ಮಗುವನ್ನು ಎತ್ತಿಕೊಳ್ಳುತ್ತಾರೆ, ಕಾಗದಪತ್ರದ ಚೀಲ ಹಿಡಿಯುತ್ತಾರೆ, ಫೋನನ್ನು ಕುಪ್ಪಸದಲ್ಲೋ ಜೇಬಿನಲ್ಲೋ ಸಿಕ್ಕಿಸಿಕೊಳ್ಳುತ್ತಾರೆ. ಕಂಪ್ಯೂಟರಿನ ಡಬ್ಬಿ ಹೊತ್ತು ದೋಣಿ ಹತ್ತಿದವರನ್ನು ನಾನಂತೂ ಕಂಡಿಲ್ಲ.

ಎರಡನೆಯದು: 'ಫೋನಿನಲ್ಲಿ ಜಾಗವೆಲ್ಲಿದೆ?' ಲೆಕ್ಕ ಹಾಕೋಣ. ಸಾಮಾನ್ಯ ಫುಲ್ ಎಚ್‌ಡಿ ವಿಡಿಯೋ ನಿಮಿಷಕ್ಕೆ ೬೦ರಿಂದ ೧೩೦ ಎಂಬಿ ಜಾಗ ಹಿಡಿಯುತ್ತದೆ. ನಮ್ಮ ಅತ್ತೆಯ ಹನ್ನೊಂದು ನಿಮಿಷ ಒಂದೂವರೆ ಜಿಬಿಯ ಒಳಗೇ ಇದೆ. ೧೨೮ ಜಿಬಿಯ ಫೋನಿನಲ್ಲಿ ಅದು ನೂರಕ್ಕೆ ಒಂದು ಪಾಲು. ಉಳಿದ ಜಾಗವನ್ನು ಹಿಡಿದವರು ಯಾರು? ಬೆಳಗಾದರೆ ಬರುವ ಗುಲಾಬಿ ಹೂವಿನ ಶುಭೋದಯಗಳು, ಒಂದೇ ಜೋಕಿನ ಹದಿನೈದು ಪ್ರತಿಗಳು, ಯಾರೋ ಕಳಿಸಿದ ಅಡುಗೆಯ ವಿಡಿಯೋಗಳು. ಅವುಗಳನ್ನು ಅಳಿಸಲು ಧೈರ್ಯವಿಲ್ಲ, ಹೆತ್ತವ್ವನ ದನಿಯನ್ನು ಮಾಳಿಗೆಗೆ ಅಟ್ಟಲು ಧೈರ್ಯವಿದೆ! ಮೊದಲು ವಾಟ್ಸಾಪಿನ ಕಸ ಗುಡಿಸಿ. ಆಮೇಲೆ ಜಾಗದ ಮಾತು.

ಮೂರನೆಯದು: 'ಎಲ್ಲ ಗೂಗಲ್ಲಿನಲ್ಲಿ ಇರುತ್ತದೆ ಬಿಡಿ.' ಇರುತ್ತದೆ, ಜಾಗ ಇರುವತನಕ. ಫೋಟೋ, ವಿಡಿಯೋಗಳಿಗೆ ಮಿತಿಯಿಲ್ಲದ ಪುಕ್ಕಟೆ ಜಾಗವನ್ನು ಗೂಗಲ್ ೨೦೨೧ರ ಜೂನ್ ೧ರಿಂದ ನಿಲ್ಲಿಸಿತು. ಈಗ ಪುಕ್ಕಟೆಯಾಗಿ ಸಿಗುವುದು ಸಾಮಾನ್ಯವಾಗಿ ೧೫ ಜಿಬಿ. ಅದರಲ್ಲೇ ನಿಮ್ಮ ಇ-ಮೇಲೂ ಬರಬೇಕು. ಮೇಲಾಗಿ ಆ ಖಾತೆಯ ಗುಪ್ತಪದ ನಿಮಗೆ ಗೊತ್ತಿದೆಯೇ, ಅಥವಾ ಅದೂ ಮಗನ ತಲೆಯಲ್ಲಿದೆಯೇ? ಮಗನ ತಲೆಯಲ್ಲಿದ್ದರೆ ಅದು ಇನ್ನೊಂದು ಮಾಳಿಗೆಯ ಖೋಲಿ, ಅಷ್ಟೇ.

ನಾಲ್ಕನೆಯದನ್ನು ದನಿ ತಗ್ಗಿಸಿ ಹೇಳುತ್ತಾರೆ: 'ಹೆಂಗಸರ ಫೋನಿನಲ್ಲಿ ಮನೆಯ ವಿಡಿಯೋ ಇದ್ದರೆ ಎಲ್ಲೆಲ್ಲಿ ಹೋಗುತ್ತದೋ.' ಈ ಮಾತಿಗೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ನನ್ನ ಫೋನಿಗೆ ಬೀಗವಿದೆ, ಬೆರಳಿಟ್ಟರೇ ತೆರೆಯುವುದು. ಎಷ್ಟೋ ಮನೆಗಳ ಕಂಪ್ಯೂಟರಿಗೆ ಬೀಗವೇ ಇಲ್ಲ. ಬಂದ ಗೆಳೆಯರೆಲ್ಲ ಅದರ ಮುಂದೆ ಕೂರುತ್ತಾರೆ. ಕೆಟ್ಟಾಗ ಹೆಣ್ಣುಮಕ್ಕಳ ಕುಪ್ಪಸದ ಶಾಸ್ತ್ರದಿಂದ ಹಿಡಿದು ಎಲ್ಲ ವಿಡಿಯೋಗಳ ಸಮೇತ ಅದು ರಿಪೇರಿ ಅಂಗಡಿಯ ಮೇಜಿನ ಮೇಲೆ ವಾರಗಟ್ಟಲೆ ಕೂರುತ್ತದೆ. ಆಗ ಮನೆಯ ಮಾನದ ಚಿಂತೆ ಎಲ್ಲಿ ಹೋಗಿರುತ್ತದೆ? ಹಂಚುವುದರಲ್ಲಿ ಎಚ್ಚರ ಬೇಕು ಎಂಬುದು ನಿಜ. ಇನ್ನೊಬ್ಬರ ಮಗುವಿನ, ಇನ್ನೊಬ್ಬರ ದುಃಖದ ವಿಡಿಯೋವನ್ನು ಅವರನ್ನು ಕೇಳದೆ ಕಳಿಸಬಾರದು. ಆ ಎಚ್ಚರ ಗಂಡಸರಿಗೂ ಬೇಕು.

ಇನ್ನುಳಿದದ್ದು ಐದನೆಯದು: 'ನಿಮಗೆ ಅದು ಬರುವುದಿಲ್ಲ.' ಅನ್ನಕ್ಕೆ ನೀರಿನ ಅಳತೆಯನ್ನು ಕಣ್ಣಿನಲ್ಲೇ ತೂಗುವವರಿಗೆ, ಸ್ವಸಹಾಯ ಸಂಘದ ಲೆಕ್ಕವನ್ನು ಪೈಸೆ ತಪ್ಪದೆ ಬರೆಯುವವರಿಗೆ ಒಂದು ವೈರು ಚುಚ್ಚಲು ಬರುವುದಿಲ್ಲವಂತೆ! ಬರುತ್ತದೆ. ನಾನು ಮಾಡಿದ್ದನ್ನು ಹೇಳುತ್ತೇನೆ, ಕೇಳಿ.

ಫೋನಿನ ಚಾರ್ಜರಿನ ವೈರನ್ನು ಬಿಡಿಸಿ, ಅದರ ಒಂದು ತುದಿಯನ್ನು ಕಂಪ್ಯೂಟರಿಗೆ, ಇನ್ನೊಂದನ್ನು ಫೋನಿಗೆ ಸಿಕ್ಕಿಸಿದೆ. ಫೋನಿನ ಬೀಗ ತೆರೆದಿಟ್ಟೆ. ಮುಚ್ಚಿದ್ದರೆ ಕಂಪ್ಯೂಟರಿಗೆ ಒಳಗಿನದೇನೂ ಕಾಣುವುದಿಲ್ಲ. ಆಂಡ್ರಾಯ್ಡ್ ಫೋನು ಮೊದಲು 'ಚಾರ್ಜ್ ಆಗುತ್ತಿದೆ' ಎಂದಷ್ಟೇ ಹೇಳುತ್ತದೆ. ಮೇಲಿನಿಂದ ಪರದೆ ಎಳೆದು, ಆ ಸೂಚನೆಯನ್ನು ಮುಟ್ಟಿ, 'ಫೈಲ್ ಟ್ರಾನ್ಸ್‌ಫರ್' ಎಂಬುದನ್ನು ಆರಿಸಬೇಕು. ಈ ಒಂದು ಮೆಟ್ಟಿಲು ಗೊತ್ತಿಲ್ಲದೆಯೇ ಎಷ್ಟೋ ಜನ ಸೋತು ಕೈಬಿಡುತ್ತಾರೆ. ಅದನ್ನು ಆರಿಸಿದರೂ ಫೋನು ಕಾಣದಿದ್ದರೆ ವೈರು ಬದಲಿಸಿ ನೋಡಿ. ಕೆಲವು ಅಗ್ಗದ ವೈರುಗಳಲ್ಲಿ ಕರೆಂಟು ಮಾತ್ರ ಹರಿಯುತ್ತದೆ, ಫೈಲು ಹರಿಯುವುದಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಫೋನಿನ ಹೆಸರು ಒಂದು ಕಪಾಟಿನಂತೆ ಕಾಣುತ್ತದೆ. ಅದರೊಳಗೆ 'ಡಿಸಿಐಎಂ' ಎಂಬ ಫೋಲ್ಡರು, ಅಂದರೆ ಫೋನಿನ ಕ್ಯಾಮೆರಾ ತನ್ನದನ್ನು ಇಡುವ ಗೂಡು. ಕಂಪ್ಯೂಟರಿನಲ್ಲಿರುವ ವಿಡಿಯೋದ ಮೇಲೆ ಕಾಪಿ ಒತ್ತಿ, ಈ ಗೂಡಿನಲ್ಲಿ ಪೇಸ್ಟ್ ಒತ್ತಿದರೆ ಆಯಿತು. ಹಸಿರು ಪಟ್ಟಿ ತುಂಬುವವರೆಗೆ ವೈರು ಕೀಳಬಾರದು. ಒಗ್ಗರಣೆ ಸಿಡಿಯುವವರೆಗೆ ಕಾಯುವವರಿಗೆ ಇದೇನು ದೊಡ್ಡದೆ?

ಕೆಲವು ತೊಡಕುಗಳಿವೆ. ಮದುವೆಯ ವಿಡಿಯೋ ಒಂದೇ ದೊಡ್ಡ ಫೈಲಾಗಿ ನಾಲ್ಕು ಜಿಬಿ ದಾಟಿದ್ದರೆ ಎಫ್‌ಎಟಿ೩೨ ಎಂಬ ಹಳೆಯ ಪದ್ಧತಿಯ ಪೆನ್‌ಡ್ರೈವು ಅದನ್ನು ತೆಗೆದುಕೊಳ್ಳುವುದಿಲ್ಲ. ಪೆನ್‌ಡ್ರೈವು ಕೆಟ್ಟಿದೆ ಎಂದು ಎಸೆಯಬೇಡಿ. ನೇರವಾಗಿ ವೈರಿನಲ್ಲಿ ಕಳಿಸಿ. ಹಳೆಯ ಸಿಡಿ, ಡಿವಿಡಿಯಿಂದ ಬಂದ ವಿಡಿಯೋ ಫೋನಿನಲ್ಲಿ ತೆರೆಯದಿದ್ದರೆ ವಿಎಲ್‌ಸಿ ಎಂಬ ಆ್ಯಪ್ ಹಾಕಿಕೊಳ್ಳಿ. ಪುಕ್ಕಟೆಯದು, ಹಳೆಯ ತರಹದ ಬಹುಪಾಲು ವಿಡಿಯೋಗಳನ್ನು ತೋರಿಸುತ್ತದೆ. ಐಫೋನ್ ಇದ್ದವರಿಗೆ ಹೀಗೆ ನೇರವಾಗಿ ಅಂಟಿಸಲು ಬರುವುದಿಲ್ಲ. ಕಂಪ್ಯೂಟರಿನಲ್ಲಿ ಆ್ಯಪಲ್ಲಿನವರದೇ ತಂತ್ರಾಂಶದ ಮೂಲಕ ಕಳಿಸಬೇಕು. 'ಇದೆಲ್ಲ ಯಾಕೆ, ವಾಟ್ಸಾಪಿನಲ್ಲೇ ಕಳಿಸುತ್ತೇನೆ' ಎಂದು ಮಗ ಅಂದರೆ, ವಿಡಿಯೋ ಎಂದು ಕಳಿಸಬೇಡ, ಡಾಕ್ಯುಮೆಂಟ್ ಎಂದು ಕಳಿಸು ಎನ್ನಿ. ವಿಡಿಯೋ ಎಂದು ಕಳಿಸಿದರೆ ಅದು ಹಿಂಡಿ ಹಿಪ್ಪೆ ಮಾಡುತ್ತದೆ, ಮುಖಗಳು ಮಸುಕಾಗುತ್ತವೆ. ಡಾಕ್ಯುಮೆಂಟ್ ಆಗಿ ಎರಡು ಜಿಬಿಯವರೆಗಿನ ಫೈಲು ಇದ್ದಂತೆಯೇ ಬರುತ್ತದೆ.

ನಾದಿನಿ ಮುಂದಿನ ಸಲ ಬಂದಾಗ ಅವಳ ಫೋನಿಗೂ ಹಾಕಿಕೊಟ್ಟೆ. ಅವಳು ಅದನ್ನು ನೋಡಲಿಲ್ಲ. ಫೋನನ್ನು ಕಿವಿಗೆ ಹಚ್ಚಿಕೊಂಡು, ಯಾರೋ ಕರೆ ಮಾಡಿದ್ದಾರೆ ಎಂಬಂತೆ, ಹನ್ನೊಂದು ನಿಮಿಷವೂ ಕೇಳುತ್ತ ಕೂತಳು. ಮಾಳಿಗೆಯ ಮೇಲೆ ಕಂಪ್ಯೂಟರಿನ ಮುಂದೆ ಕುರ್ಚಿ ಹಾಕಿಕೊಂಡು ಹಾಗೆ ಕೇಳಲು ಬರುವುದಿಲ್ಲ.

ಇದು ಮನೆಯೊಳಗಿನ ಸಣ್ಣ ವಿಷಯ, ಇದಕ್ಕೇಕೆ ಇಷ್ಟು ಜಗಳ ಎಂದು ಕೇಳುವವರಿಗೆ ನಮ್ಮ ನೆರೆಯ ನಿಪ್ಪಾಣಿಯ ಕತೆ ಹೇಳುತ್ತೇನೆ. ದೀಪಾ ಧನರಾಜ್ ಮತ್ತು ಗೆಳೆಯರು ಸೇರಿ ಕಟ್ಟಿದ 'ಯುಗಾಂತರ್' ಎಂಬ ಸ್ತ್ರೀವಾದಿ ಚಿತ್ರತಂಡ ೧೯೮೨ರಲ್ಲಿ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣಾಳುಗಳ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಿತು. 'ತಂಬಾಕು ಚಾಕಿಲಾ ಓಬ್ ಆಲಿ' ಎಂದು ಅದರ ಹೆಸರು. ಕ್ಯಾಮೆರಾ ಹಿಡಿದವರು ನವರೋಜ್ ಕಾಂಟ್ರಾಕ್ಟರ್. ತಂಬಾಕಿನ ಧೂಳಿನಲ್ಲಿ ದುಡಿಯುತ್ತಿದ್ದ ಆ ಹೆಂಗಸರು ಸಂಘ ಕಟ್ಟಿದ್ದನ್ನು, ಮುಷ್ಕರ ಹೂಡಿದ್ದನ್ನು ಕ್ಯಾಮೆರಾದ ಮುಂದೆ ತಾವೇ ಹೇಳಿದರು, ತಾವೇ ನಟಿಸಿ ತೋರಿಸಿದರು. ಅದು ಫಿಲ್ಮಿನ ರೀಲು. ನೋಡಬೇಕೆಂದರೆ ಪ್ರೊಜೆಕ್ಟರ್ ಬೇಕು, ಪರದೆ ಬೇಕು. ಎಷ್ಟೋ ವರ್ಷಗಳ ಮೇಲೆ ಬರ್ಲಿನ್ನಿನ ಆರ್ಸೆನಲ್ ಎಂಬ ಸಂಸ್ಥೆಯ ನೆರವಿನಿಂದ ಆ ತಂಡದ ಚಿತ್ರಗಳು ಡಿಜಿಟಲ್ ರೂಪಕ್ಕೆ ಬಂದವು, ಅಂತರ್ಜಾಲದಲ್ಲಿಯೂ ನೋಡಲು ಸಿಕ್ಕಿವೆ.

ಬರ್ಲಿನ್ನಿನಲ್ಲಿ ಅದು ಭದ್ರವಾಗಿರುವುದು ಸಂತೋಷದ ಮಾತೇ. ಆದರೆ ಆ ಕೆಲಸ ಪೂರ್ಣವಾಗುವುದು ಯಾವಾಗ? ನಿಪ್ಪಾಣಿಯ ಒಬ್ಬ ಹುಡುಗಿ ಬಸ್ ನಿಲ್ದಾಣದಲ್ಲಿ ನಿಂತು ತನ್ನ ಫೋನಿನಲ್ಲಿ ಆ ಮುಖಗಳನ್ನು ನೋಡಿ 'ಇವರು ನಮ್ಮ ಅಜ್ಜಿಯ ಜೊತೆಗಿನವರಲ್ಲವೆ?' ಎಂದು ಗುರುತು ಹಿಡಿದಾಗ. ಸಂಗ್ರಹಾಲಯದವರು ಹೆಸರು ಬರೆಯದೆ ಬಿಟ್ಟ ಮುಖಕ್ಕೆ ಹೆಸರು ಹೇಳಬಲ್ಲವಳು ಆ ಹುಡುಗಿ. ನಮ್ಮ ಮನೆಯ ವಿಡಿಯೋದಲ್ಲಿಯೂ ಅಷ್ಟೇ. ಅತ್ತೆಯ ಹಿಂದೆ ಕೂತು ಅರಿಷಿಣ ಹಾಕುತ್ತಿದ್ದ ಮುದುಕಿ ಯಾರೆಂದು ನನ್ನ ಮಗನಿಗೆ ಗೊತ್ತಿಲ್ಲ. ನಾದಿನಿಗೆ ಗೊತ್ತು. ಅವಳ ಕೈಗೆ ಬರುವತನಕ ಆ ಮುದುಕಿಗೆ ಹೆಸರಿರಲಿಲ್ಲ. ಗುರುತು ಹಿಡಿಯುವವರು ಬದುಕಿರುವಾಗಲೇ ವಿಡಿಯೋಗಳು ಅವರ ಕೈ ಸೇರಬೇಕು. ಅವರು ಹೋದ ಮೇಲೆ ಕಂಪ್ಯೂಟರಿನಲ್ಲಿ ಉಳಿಯುವುದು ಯಾರದೋ ಮುಖ, ಯಾರದೋ ದನಿ.

ಅದಕ್ಕೇ, ಗೆಳತಿಯರೇ, 'ಎಲ್ಲಿ ಹೋಗುತ್ತದೆ?' ಎಂಬ ಮಾತಿಗೆ ಇನ್ನು ಸುಮ್ಮನಾಗಬೇಡಿ. ವಿಡಿಯೋ ಎಲ್ಲಿಗೂ ಹೋಗದಿದ್ದರೂ ನಾವು ಹೋಗುತ್ತೇವೆ, ನಮ್ಮ ಕಣ್ಣು ಮಂಜಾಗುತ್ತದೆ, ಕಿವಿ ಮಂದವಾಗುತ್ತದೆ. ಮನೆಯಲ್ಲಿ ಕಂಪ್ಯೂಟರಿದ್ದರೆ ಅದರ ಗುಪ್ತಪದ ನಿಮಗೂ ಗೊತ್ತಿರಲಿ. ಯಾವ ಫೋಲ್ಡರಿನಲ್ಲಿ ಏನಿದೆ ಎಂದು ಒಂದು ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಡಿ. ಮಗಳಿಗೆ ಕಲಿಸಿ, ಸೊಸೆಗೆ ಕಲಿಸಿ.

ಈ ದೀಪಾವಳಿಗೆ ಮಗ ಊರಿಗೆ ಬಂದಾಗ ಚಕ್ಕುಲಿಯ ತಾಟಿನ ಜೊತೆಗೆ ಆ ವೈರನ್ನೂ ಅವನ ಮುಂದೆ ಇಡಿ. 'ಹಾಕಿಕೊಡು' ಎನ್ನಬೇಡಿ. 'ನೀನು ಪಕ್ಕದಲ್ಲಿ ಕೂತು ಹೇಳು, ನಾನು ಹಾಕಿಕೊಳ್ಳುತ್ತೇನೆ' ಎನ್ನಿ. ಅರ್ಧ ಗಂಟೆಯ ಕೆಲಸ. ಮುಂದಿನ ವರ್ಷ ಅವನಿಗೆ ರಜೆ ಸಿಗದಿದ್ದರೂ ನಿಮ್ಮ ಕೆಲಸ ನಿಲ್ಲುವುದಿಲ್ಲ.